ನಿಕ್ಕಲ್ ಬರುವ ತನಕ

ಎಂಟೆಬೆಯ ಕಸ್ಟಮ್ಸ್ ಕಟ್ಟೆಯ ಮೇಲೆ ಕೂತಿದೆ
ನನ್ನ ನಿಕ್ಕಲ್ ರೆಸಿನ್, ಐದು ವಾರದಿಂದ.
ಔಷಧಿಯೋ, ಲೋಹವೋ, ಎಂದು ಕೇಳುತ್ತಾರಂತೆ.
ಎರಡೂ ಅಲ್ಲ ಸ್ವಾಮಿ, ಅದೊಂದು ಜರಡಿ,
ಗಂಟು ಕಟ್ಟಿಕೊಂಡು ಬಂದವರನ್ನಷ್ಟೇ ಹಿಡಿದು
ಮಿಕ್ಕವರನ್ನು ಹರಿಯಬಿಡುವ ಜರಡಿ,
ಎಂದು ಇಲುಕೋರ್ ಫೋನಿನಲ್ಲಿ ಕೂಗುತ್ತಾನೆ.
ಲೈನು ಕಡಿಯುತ್ತದೆ.

ಸರಿ, ಅಲ್ಲಿಯ ತನಕ ಓದು.

ಸೆರೆರೆಯಲ್ಲಿ ಮಧ್ಯಾಹ್ನ ಮೂರಕ್ಕೆ ಕರೆಂಟು ಹೋಗುತ್ತದೆ.
ಜನರೇಟರು ಫ್ರೀಜರಿಗೆ ಮಾತ್ರ, ಮನುಷ್ಯರಿಗೆ ಕಿಟಕಿ.
ಕಿಟಕಿಯ ಬದಿಗೆ ಮೇಜು ಎಳೆದು ಹಾಳೆ ಹರಡಿ
ಒಂದೊಂದೇ ಅಕ್ಷರದ ತಲೆಗೆ ಪೆನ್ಸಿಲು ಮುಟ್ಟಿಸುತ್ತೇನೆ.
ಮರಗೆಣಸಿನ ಕಂದುಗೆರೆ ವೈರಸ್ಸು ತೊಡುವ ಅಂಗಿ:
ಮುನ್ನೂರ ಎಪ್ಪತ್ತೆಂಟು ಮಣಿ, ಒಂದೇ ದಾರ.
ಗಂಧಕದ ಮಣಿ ಎಷ್ಟೆಂದು ಎಣಿಸಿದೆ,
ಎರಡು ಸಲ ಎರಡು ಲೆಕ್ಕ ಬಂತು.
ತಲೆಯ ಕಡೆ ಸಡಿಲ, ಗಾಳಿಗೆ ಬಿಟ್ಟ ಸೆರಗು.
ನಡು ಬಿಗಿ.
ನನ್ನ ಆರು ಹಿಸ್ಟಿಡಿನ್‌ಗಳ ಗಂಟನ್ನು
ಸೆರಗಿಗೆ ಕಟ್ಟಲೋ, ಬುಡಕ್ಕೆ ಕಟ್ಟಲೋ?
ಸೆರಗಿನದು ಹರಿದು ಹೋದೀತು,
ಬುಡದ್ದು ಮಡಿಕೆಯೊಳಗೆ ಅಡಗೀತು.
ಪ್ರಶ್ನೆಯ ಚಿಹ್ನೆ ಹಾಕಿ ಪುಟ ಮಗುಚುತ್ತೇನೆ.

ಓದಿದ ಪ್ರಬಂಧಗಳೆಲ್ಲ ಗೆದ್ದವರು ಬರೆದವು:
ಜೆಲ್ಲಿನ ಮೇಲೆ ಒಂದೇ ನೀಲಿ ಪಟ್ಟೆ,
ದೃಷ್ಟಿ ತಾಗುವಷ್ಟು ಅಚ್ಚುಕಟ್ಟು.
ಸೋತವರು ಎಲ್ಲಿ ಬರೆಯುತ್ತಾರೆ?

ಕೈಗವಸಿನ ಡಬ್ಬಿಗಳ ಕೆಳಗೆ ಸಿಕ್ಕಿತು, ಬೀರುವಿನಲ್ಲಿ,
ನನಗಿಂತ ಮುಂಚೆ ಈ ಮೇಜಿಗಿದ್ದ ಅಮುಲೆನ್ ಎಂಬವಳ ಪುಸ್ತಕ.
ಮಕ್ಕಳ ಹಾಗೆ ದುಂಡಗಿನ ಅಕ್ಷರ.
ಮೂವತ್ತೇಳು ಡಿಗ್ರಿ. ಎಲ್ಲವೂ ಗಸಿ.
ಮೂವತ್ತು. ಗಸಿ.
ಹದಿನೆಂಟು, ರಾತ್ರಿಯಿಡೀ. ಅರ್ಧ ಗಸಿ, ಆಮೇಲೆ ಕರೆಂಟು ಹೋಯಿತು.
ಅಡಿಗೆರೆ ಎಳೆದು: ಉಪ್ಪು ಜಾಸ್ತಿ ಮಾಡಬೇಕು.
ಇದು ಸಿಕ್ಕ ಸಿಕ್ಕ ಆರ್‌ಎನ್‌ಎಯನ್ನೆಲ್ಲ ತಬ್ಬಿಕೊಳ್ಳುತ್ತದೆ,
ಅಂಗಿಗೆ ಮೈ ಬೇಕು ಅನ್ನುವ ಹಾಗೆ.
ಕೊನೆಯ ಸಾಲು: ಅಣ್ಣನ ಮದುವೆಗೆ ಹೋಗುತ್ತಿದ್ದೇನೆ,
ಸೋಮವಾರ ಮುಂದುವರಿಸುವೆ.
ಆಮೇಲೆ ಬರೀ ಗೀಟು ಗೀಟಿನ ಖಾಲಿ ಹಾಳೆ.

ಕಿಗಾಲಿಯಲ್ಲಿದ್ದಾಳೆ ಎನ್ನುತ್ತಾರೆ ಕೆಲವರು.
ಸೊರೊಟಿಯಲ್ಲಿ ಫೋನಿಗೆ ದುಡ್ಡು ತುಂಬಿಸುವ
ಹಳದಿ ಕೊಡೆಯ ಕೆಳಗೆ ಕಂಡೆ ಅಂದ ಇಲುಕೋರ್,
ಮಾತಾಡಿಸಲಿಲ್ಲವಂತೆ.

ನನ್ನ ಅಜ್ಜಿ ಓದಿದವಳಲ್ಲ. ಅವಳದೊಂದು ಪರೀಕ್ಷೆ:
ಹತ್ತು ಗೆಡ್ಡೆ ಅಗೆದರೆ ಒಂದನ್ನು ಅಲ್ಲೇ ಮುರಿದು ನೋಡುವುದು.
ಆ ವರ್ಷ ಎಲೆ ಹಸಿರೇ ಇತ್ತು, ಕಾಂಡ ಮೊಣಕೈ ದಪ್ಪ.
ಮುರಿದಳು. ಒಳಗೆ ಬೆಂಡಿನಂಥ ಕಂದು.
ಇನ್ನೊಂದು ಮುರಿದಳು. ಮತ್ತೊಂದು.
ಹೊರಗೆ ಥಳಕು ಒಳಗೆ ಹುಳುಕು ಎಂದು
ಯಾರನ್ನೂ ಬೈಯಲಿಲ್ಲ, ಮೆದೆಯ ಮೇಲೆ ಕೂತುಬಿಟ್ಟಳು:
ಅದೇ ಹೊಲದ ಕಡ್ಡಿಗಳನ್ನು ಕಟ್ಟು ಕಟ್ಟಿ
ಮೂವರು ಸೊಸೆಯರಿಗೆ ಆಗಲೇ ಕೊಟ್ಟಾಗಿತ್ತು,
ನಗುನಗುತ್ತ, ಮಡಿಲು ತುಂಬಿದ ಹಾಗೆ.

ಹೂಳುವ ಮೊದಲೇ ಬಾಯಿಬಿಡಬೇಕು ಕಡ್ಡಿ.
ಒಂದು ಹನಿ ಎಲೆರಸ, ಒಂದು ಕಾಗದದ ಪಟ್ಟಿ, ಒಂದು ಗೆರೆ.
ಅಷ್ಟಕ್ಕೆ ಬೇಕು ಒಂದು ಪ್ರತಿಕಾಯ,
ಅದಕ್ಕೆ ಬೇಕು ಈ ಅಂಗಿ, ಮೈಯಿಲ್ಲದೆ, ಗಸಿಯಾಗದೆ,
ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿ ಬಾಡಿಗೆಗೆ ಹೊಲಿಸಿದ್ದು.
ಎಂಟು ಮಿಲಿಲೀಟರ್ ರೆಸಿನ್. ಒಂದು ಸಲ ಕೆಟ್ಟರೆ
ಮತ್ತೆ ಎಂಟೆಬೆ, ಮತ್ತೆ ಔಷಧಿಯೋ ಲೋಹವೋ.

ಆರಕ್ಕೆ ಕರೆಂಟು ಬಂತು. ಫ್ರೀಜರು ಗೊರ್ ಎಂದಿತು.
ಹೊಸ ಪುಸ್ತಕ ಬಿಚ್ಚಲು ಹೋಗಿ ಬಿಟ್ಟೆ.
ಅಮುಲೆನ್‌ಳ ಕೊನೆಯ ಸಾಲಿನ ಕೆಳಗೆ
ನನ್ನ ಚೂಪು ಅಕ್ಷರದಲ್ಲಿ:

ಸೋಮವಾರ. ರೆಸಿನ್ ಬಂದಿಲ್ಲ.
ಉಪ್ಪು: ಅರ್ಧ ಮೋಲಾರ್‌ನಿಂದ ಶುರು.
ಗಂಟು ಎಲ್ಲಿ? ಗೊತ್ತಿಲ್ಲ, ಎರಡೂ ಮಾಡಿಸು.
ಮದುವೆ ಹೇಗಾಯಿತು?